ಎಮ್ಮೆಗೊಂದು ಕಾಲಂ

ನನ್ನ ನೆನಪಿನ ಮೇಲೆ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಇದನ್ನು ಯಾವುದೋ ತತ್ವಶಾಸ್ತ್ರದ ಗತ್ತಿನಲ್ಲಿ ಹೇಳುತ್ತಿಲ್ಲ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಕಾಲೇಜಿನ ಗೇಟಿನಿಂದ ಗಾಂಧಿನಗರದವರೆಗೆ ಬಿಸಿಲಲ್ಲಿ ಹಿಂತಿರುಗಿ, ಬೀಗವನ್ನು ಕಣ್ಣಾರೆ ಕಂಡು, ಕೈಯಾರೆ ಜಗ್ಗಿ, ಮತ್ತೆ ಗೇಟು ಮುಟ್ಟುವಷ್ಟರಲ್ಲಿ ‘ಜಗ್ಗಿದ್ದು ಇವತ್ತೋ ನಿನ್ನೆಯೋ’ ಎಂದು ನಿಂತುಬಿಟ್ಟವನ ಅನುಭವದ ಮಾತಿದು. ರಾಜ್ಯಶಾಸ್ತ್ರದ ಮೇಷ್ಟರಾದ ನಾನು ಒಮ್ಮೆ ಒಂದೇ ಪಾಠವನ್ನು ಒಂದೇ ತರಗತಿಗೆ ಎರಡು ದಿನ ಮಾಡಿದ್ದೆ. ವಿದ್ಯಾರ್ಥಿಗಳು ಒಬ್ಬರೂ ಬಾಯಿ ಬಿಡಲಿಲ್ಲ. ಕೇಳಿದರೆ, ‘ಎರಡನೇ ದಿನ ಚಲೋ ತಿಳೀತ್ರಿ ಸರ್’ ಎಂದರು. ವಿಶ್ವವಿದ್ಯಾಲಯ ನನ್ನನ್ನು ಎರಡು ವರ್ಷ ಕೂರಿಸಿ ಎಲ್ಲವನ್ನೂ ಅನುಮಾನಿಸುವುದನ್ನು ಕಲಿಸಿತು. ಅನುಮಾನಿಸಿ ಮುಗಿದ ಮೇಲೆ ಏನು ಮಾಡಬೇಕು ಎಂಬುದನ್ನು ಹೇಳಿಕೊಡುವಷ್ಟರಲ್ಲಿ ಕೋರ್ಸು ಮುಗಿದುಹೋಯಿತು. ಅಂದಿನಿಂದ ನಾನು ಸರ್ಕಾರವನ್ನು, ಪತ್ರಿಕೆಯನ್ನು, ತೂಕದ ಯಂತ್ರವನ್ನು ಅನುಮಾನಿಸುತ್ತ ಬಂದಿದ್ದೇನೆ. ಐವತ್ತು ದಾಟಿದ ಮೇಲೆ ಆ ಪಟ್ಟಿಗೆ ನನ್ನನ್ನೂ ಸೇರಿಸಿಕೊಂಡೆ.

ಇಂಥವನನ್ನು ಯಾರೂ ಸಾಕ್ಷಿ ಹೇಳಲು ಕರೆಯಬಾರದು. ಆದರೆ ನನ್ನ ದೊಡ್ಡವ್ವ ಕರೆದಳು. ಅದೂ ಗಾಂಜಾ ವಿಷಯದಲ್ಲಿ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ, ಕುರುಗೋಡಿನ ಹೊನ್ನೂರಮ್ಮ. ಎಪ್ಪತ್ತೆರಡರ ಹೆಂಗಸು. ಮಗ, ಸೊಸೆ, ಮೂರು ಎಮ್ಮೆ ಇರುವ ತುಂಬಿದ ಮನೆ. ಆ ಮನೆಯ ಹಿಂದೆ, ಕೊಟ್ಟಿಗೆಯ ಗೋಡೆಗೆ ಆತು, ವರ್ಷವರ್ಷವೂ ಅದರದೇ ಬೀಜ ಹಾಕಿ ಬೆಳೆಸುತ್ತಿದ್ದ ಒಂದು ಗಿಡವಿತ್ತು. ಊರಲ್ಲಿ ಅದಕ್ಕೆ ಭಂಗಿ ಗಿಡ ಎನ್ನುತ್ತಾರೆ. ಪೊಲೀಸ್ ಕಾಗದದಲ್ಲಿ ಅದರ ಹೆಸರು ಗಾಂಜಾ. ಎಮ್ಮೆಗೆ ಹೊಟ್ಟೆ ಉಬ್ಬರಿಸಿದರೆ, ಭೇದಿ ಹತ್ತಿದರೆ, ದೊಡ್ಡವ್ವ ಅದರ ನಾಲ್ಕು ಎಲೆ ಅರೆದು ಬೆಲ್ಲ ಕಲಸಿ ಬಿದಿರಿನ ಗೊಟ್ಟದಲ್ಲಿ ಎಮ್ಮೆಯ ಗಂಟಲಿಗೆ ಇಳಿಸುತ್ತಿದ್ದಳು. ಸುತ್ತಲ ಊರುಗಳಿಂದಲೂ ಜನ ಬಂದು ಎಲೆ ಕೇಳುತ್ತಿದ್ದರು. ಇದಕ್ಕೆ ಅವಳಲ್ಲಿ ಮೂರು ಕಟ್ಟಳೆ: ಮೂಕಪ್ರಾಣಿಯ ಔಷಧ ಕೇಳಿದವರಿಗೆ ಇಲ್ಲ ಅನ್ನಬಾರದು, ಅದಕ್ಕೆ ದುಡ್ಡು ಮುಟ್ಟಬಾರದು, ಔಷಧ ಒಯ್ಯುವವರು ಹೋಗುವಾಗ ‘ಬರ್ತೀನಿ’ ಅನ್ನಬಾರದು. ಬರುತ್ತೇನೆ ಎಂದರೆ ರೋಗವೂ ಜೊತೆಗೆ ವಾಪಸು ಬರುತ್ತದೆ ಎಂದು ಲೆಕ್ಕ. ತಿರುಗಿ ನೋಡದೆ ಸುಮ್ಮನೆ ನಡೆದುಬಿಡಬೇಕು.

ಹೋದ ವರ್ಷ ಒಂದು ಬೆಳಿಗ್ಗೆ ಪ್ಯಾಂಟು ಷರಟಿನ ಒಬ್ಬ ಸಭ್ಯ ಮನುಷ್ಯ ಬಂದು, ‘ಅಮ್ಮಾ, ಇಲ್ಲಿ ಭಂಗಿ ಸೊಪ್ಪು ಸಿಗ್ತದಂತ’ ಎಂದ. ದೊಡ್ಡವ್ವ ಕೈಯಲ್ಲಿದ್ದ ಸೆಗಣಿ ತೊಳೆದುಕೊಂಡು, ‘ಎಮ್ಮಿನೋ ಆಕಳೋ? ಎಷ್ಟು ದಿನ ಆತಪ್ಪ? ಮೆಲುಕು ಹಾಕ್ತೈತೋ ಇಲ್ಲೋ?’ ಎಂದು ವಿಚಾರಿಸಿದಳು. ಆತ ತಬ್ಬಿಬ್ಬಾಗಿ ‘ಹಾಕ್ತೈತಿ’ ಎಂದನಂತೆ. ಇವಳು ಅವನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಗಿಡ ತೋರಿಸಿ, ತಾನೇ ಎಲೆ ಕಿತ್ತು ಕಾಗದದಲ್ಲಿ ಕಟ್ಟಿಕೊಟ್ಟು, ಅವನು ಚಾಚಿದ ನೋಟನ್ನು ಹಿಂದಕ್ಕೆ ತಳ್ಳಿ, ‘ಎರಡು ದಿನ ಹಸಿಮೇವು ಹಾಕಬ್ಯಾಡ’ ಎಂದು ಬುದ್ಧಿ ಹೇಳಿ ಕಳಿಸಿದಳು. ಮನುಷ್ಯ ನಿಜವಾಗಿಯೂ ಮರ್ಯಾದಸ್ಥ. ಬಾಗಿಲಲ್ಲಿ ನಿಂತು ಕೈಮುಗಿದು, ‘ಬರ್ತೀನ್ರಿ ಅಮ್ಮ’ ಎಂದ. ಹತ್ತು ನಿಮಿಷದಲ್ಲಿ ಜೀಪಿನ ಸಮೇತ ಬಂದ.

ಪೊಲೀಸರು ಈ ಪ್ರಕರಣಕ್ಕೆ ಎಷ್ಟು ಕಲಂ ಹಚ್ಚಿದ್ದಾರೆ, ಯಾವುದಕ್ಕೆ ಏನು ಶಿಕ್ಷೆ ಎಂದು ನಮ್ಮ ವಕೀಲರು ಅರ್ಧ ಗಂಟೆ ವಿವರಿಸಿದ ಮೇಲೂ ದೊಡ್ಡವ್ವನ ಅಭಿಪ್ರಾಯ ಬದಲಾಗಲಿಲ್ಲ. ‘ಕೇಸ್ ಯಾಕ ಬಂತು ಅಂದ್ರ, ಅವ ಬರ್ತೀನಿ ಅಂದ. ಅದಕ್ಕ ಬಂತು. ಸುಮ್ಮನ ಹೋಗಿದ್ರ ಏನೂ ಇರ್ತಿದ್ದಿಲ್ಲ’ ಎಂದಳು. ವಕೀಲರು ಪೆನ್ನು ಕೆಳಗಿಟ್ಟರು.

ಇಲ್ಲಿ ನನ್ನ ಗೃಹಕೃತ್ಯದ ಕಷ್ಟ ಶುರುವಾಯಿತು. ಜಾಮೀನಿಗೆ ಸಹಿ ಹಾಕಿದವನು ನಾನು. ಇಂಥ ಪ್ರಕರಣ ನಡೆಯುವ ಕೋರ್ಟು ನಾನಿರುವ ಬಳ್ಳಾರಿಯಲ್ಲಿ. ಆದ್ದರಿಂದ ತಿಂಗಳಿಗೊಂದು ವಾಯಿದೆ, ವಾಯಿದೆಗೊಮ್ಮೆ ದೊಡ್ಡವ್ವ. ಮೊದಲ ಬಸ್ಸಿಗೆ ಕುರುಗೋಡು ಬಿಟ್ಟು, ಕ್ಯಾನಿನಲ್ಲಿ ಹಾಲು, ಡಬ್ಬಿಯಲ್ಲಿ ಬೆಣ್ಣೆ ಹಿಡಿದು ನಮ್ಮ ಮನೆಗೆ ಬಂದು, ಮಂಡಕ್ಕಿ ಒಗ್ಗರಣೆ ತಿಂದು ಆಪಾದಿತೆಯಾಗಿ ಹೊರಡುವಳು. ಪಕ್ಕದ ಮನೆಯವರು ಯಾರು ಇವರು ಎಂದು ಕೇಳಿದಾಗ ನಾನು ‘ಊರಿಂದ ಬಂದಾರ, ಸ್ವಲ್ಪ ಕೆಲಸ ಐತಿ’ ಎಂದು ತೇಲಿಸುತ್ತಿದ್ದೆ. ಅವಳೇ ಕಾಂಪೌಂಡಿನ ಮೇಲಿಂದ, ‘ಗಾಂಜಾ ಕೇಸಮ್ಮ. ಒಂದನೇ ಆರೋಪಿ ನಾನಽ. ಎರಡನೇದು ಯಾರೂ ಇಲ್ಲ’ ಎಂದು ಸ್ಪಷ್ಟಪಡಿಸುತ್ತಿದ್ದಳು. ಮೂರು ತಿಂಗಳಲ್ಲಿ ಕೋರ್ಟಿನ ಹೊರಗೆ ಹೆಸರು ಕೂಗುವವನ ಮನೆಯ ಆಕಳಿನ ಕೆಚ್ಚಲು ಬಾವು ಇವಳಿಗೆ ಗೊತ್ತಾಗಿತ್ತು, ಇವಳ ಹೆಸರನ್ನು ಅವನು ‘ಹೊನ್ನೂರಮ್ಮಾರ್ರೀ’ ಎಂದು ಬಹುವಚನದಲ್ಲಿ ಕೂಗತೊಡಗಿದ್ದ. ನನ್ನ ಹೆಂಡತಿ ನಿರ್ಮಲಾ ವಾಯಿದೆಯ ದಿನವನ್ನು ಕ್ಯಾಲೆಂಡರಿನಲ್ಲಿ ಹಬ್ಬದಂತೆ ಕೆಂಪು ಪೆನ್ನಿನಿಂದ ಸುತ್ತುತ್ತಿದ್ದಳು.

ಆದರೆ ನಗುವ ವಿಷಯವಾಗಿರಲಿಲ್ಲ. ವಕೀಲರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: ಮಾರಿದ್ದಾಳೋ ಇಲ್ಲವೋ, ಗಿಡ ಒಂದೇ ಇರಲಿ ಹತ್ತಿರಲಿ, ಬೆಳೆಸಿದ್ದೇ ಅಪರಾಧ, ಅವಳೇ ಗಿಡ ತೋರಿಸಿದ್ದಾಳೆ, ಈ ವಯಸ್ಸಿನಲ್ಲೂ ಒಳಗೆ ಹೋಗುವುದು ಅಸಾಧ್ಯವೇನಲ್ಲ. ಇದನ್ನು ನಾನು ಮೆತ್ತಗೆ ಮಾಡಿ ದೊಡ್ಡವ್ವನಿಗೆ ದಾಟಿಸಿದೆ. ಅವಳು, ‘ಜೈಲಾಗ ಊಟ ಕೊಡ್ತಾರಂತ, ಅದಕ್ಕೇನಿಲ್ಲ. ನಮ್ಮ ಸಣ್ಣೆಮ್ಮಿ ನನ್ನ ಕೈಗಲ್ಲದ ಯಾರ ಕೈಗೂ ಹಾಲು ಸೊರಸಂಗಿಲ್ಲಲೇ ಶೇಕರ. ಸೊಸಿ ಕುಂತ್ರ ಒದೀತೈತಿ. ನಾನು ಒಳಗ ಹೋದ್ರ ಅದರ ಕೆಚ್ಚಲ ಒಡದು ಸಾಯ್ತೈತಿ’ ಎಂದಳು. ಹೇಳುವಾಗ ಅವಳ ಎರಡು ಕೈಗಳೂ ಮಡಿಲಲ್ಲಿ ಹಾಲು ಕರೆಯುವ ಹಾಗೆಯೇ ಆಡುತ್ತಿದ್ದವು.

ಹೀಗಿರುವಾಗ ಪತ್ರಿಕೆಯಲ್ಲಿ ಒಂದು ಪ್ರಕಟಣೆ ಬಂತು. ಗಾಂಜಾ ಕಾನೂನಿನಲ್ಲಿ ಏನಾದರೂ ಬದಲಾಗಬೇಕೆ ಎಂದು ಸರ್ಕಾರ ಒಂದು ಸಮಿತಿ ಮಾಡಿದೆ, ಸಮಿತಿ ಬಳ್ಳಾರಿಗೆ ಬಂದು ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ, ಆಸಕ್ತರು ಖುದ್ದಾಗಿ ಬಂದು ಹೇಳಬಹುದು. ನಾನು ಅದನ್ನು ನಿರ್ಮಲಾಳಿಗೆ ಓದಿ ಹೇಳಿ ಗಟ್ಟಿಯಾಗಿ ನಕ್ಕೆ. ನಗುವ ಅಧಿಕಾರ ನನಗಿತ್ತು. ಎಂ.ಎ. ಮಾಡುವಾಗ ನಾನು ಬರೆದ ಪ್ರಬಂಧದ ವಿಷಯವೇ ‘ಸಾರ್ವಜನಿಕ ಅಭಿಪ್ರಾಯ ಮತ್ತು ಸರ್ಕಾರ’. ಸಿರುಗುಪ್ಪ ತಾಲ್ಲೂಕಿನ ಊರೂರು ತಿರುಗಿ, ಸೈಕಲ್ ಪಂಕ್ಚರು ಮಾಡಿಕೊಂಡು, ನೂರಾರು ಜನರಿಗೆ ಪ್ರಶ್ನಾವಳಿ ತುಂಬಿಸಿ, ಸರ್ಕಾರ ಜನರ ಮಾತು ಕೇಳುವುದಿಲ್ಲ ಎಂದು ಅಂತಿಮವಾಗಿ ಸಾಬೀತುಪಡಿಸಿದ್ದೆ. ಅದಕ್ಕೆ ಪ್ರಥಮ ದರ್ಜೆ ಸಿಕ್ಕಿತ್ತು. ಸರ್ಕಾರ ಈಗ ಹಠಾತ್ತನೆ ಕೇಳತೊಡಗಿದರೆ ನನ್ನ ದರ್ಜೆಯ ಗತಿಯೇನು? ‘ಇವೆಲ್ಲ ಬರೀ ನಾಟಕ. ಬರ್ತಾರ, ಚಾ ಕುಡೀತಾರ, ಫೋಟೋ ತಗಸ್ತಾರ, ಹೋಗ್ತಾರ’ ಎಂದೆ.

ನಿರ್ಮಲಾ ಹುಣಸೆಹಣ್ಣು ಬಿಡಿಸುತ್ತ, ‘ನೀವು ಯಾವತ್ತಾರ ಹೋಗಿ ಹೇಳೀರೇನು?’ ಎಂದಳು.

‘ಹೇಳಿ ಏನುಪಯೋಗ?’

‘ಹೇಳದ ಮಾತು ಅವ್ರಿಗೆ ಹ್ಯಾಂಗ ಕೇಳಸ್ತೈತ್ರಿ?’

ಅಷ್ಟಕ್ಕೇ ಬಿಡದೆ ಅವಳು ಕುರುಗೋಡಿಗೆ ಫೋನು ಹಚ್ಚಿ ವಿಷಯ ಮುಟ್ಟಿಸಿಯೂ ಬಿಟ್ಟಳು. ದೊಡ್ಡವ್ವನ ದನಿ ಫೋನಿನಿಂದ ಹೊರಗೇ ಕೇಳುತ್ತಿತ್ತು. ‘ಸರ್ಕಾರನಽ ಬಂದು ಕೇಳ್ತೈತೇನು? ಮತ್ತ ಇಷ್ಟು ದಿನ ಯಾಕ ಬಂದಿದ್ದಿಲ್ಲ? ನಾನು ಬರ್ತೀನಿ. ಶೇಕರನೂ ಮಾತಾಡ್ಲಿ. ಎಂ.ಎ. ಓದ್ಯಾನ, ಕಣ್ಣಾರ ನೋಡ್ಯಾನ. ಸಣ್ಣಾವಿದ್ದಾಗ ದಿನಾ ಆ ಗಿಡಕ್ಕ ನೀರು ಹಾಕಾವ ಅವನಽ ಅಲ್ಲೇನು?’

ಹೌದು, ಹಾಕುತ್ತಿದ್ದೆ. ಏಳನೆಯ ವಯಸ್ಸಿನ ಬೇಸಿಗೆ ರಜೆ, ಕುರುಗೋಡು, ಕೈಯಲ್ಲಿ ಹಿತ್ತಾಳೆ ಚೊಂಬು, ಕೊಟ್ಟಿಗೆಯ ಹಿಂದಿನ ನೆರಳು, ಬುಡಕ್ಕೆ ನೀರು ಬಿದ್ದಾಗ ಮೇಲೇಳುತ್ತಿದ್ದ ಹಸಿ ಮಣ್ಣಿನ ವಾಸನೆ. ಇಷ್ಟು ಸ್ವಚ್ಛವಾದ ನೆನಪು ನನ್ನ ಬಳಿ ಇನ್ನೊಂದಿಲ್ಲ. ಅಷ್ಟು ಸ್ವಚ್ಛವಾಗಿದೆ ಎಂಬುದೇ ನನ್ನ ಅನುಮಾನಕ್ಕೆ ಕಾರಣವಾಯಿತು. ಖಾತ್ರಿ ಮಾಡಿಕೊಳ್ಳೋಣವೆಂದು ನಮ್ಮ ಹುಟ್ಟೂರು ತೆಕ್ಕಲಕೋಟೆಯಲ್ಲಿ ಶಾಲೆ ಮೇಷ್ಟರಾಗಿರುವ ನನ್ನ ಅಣ್ಣನಿಗೆ ಫೋನು ಮಾಡಿದೆ.

‘ನೀರು ಹಾಕಿದಾವ ನಾನಲೇ’ ಎಂದ ಅಣ್ಣ. ‘ಹಿತ್ತಾಳಿ ಚೊಂಬು. ಬಾಯಿ ಸೊಟ್ಟ ಇತ್ತು. ನಿನಗ ಆ ಬ್ಯಾಸಿಗಿ ಅಮ್ಮ ಆಗಿತ್ತು, ತೆಕ್ಕಲಕೋಟ್ಯಾಗ ಬೇವಿನ ಸೊಪ್ಪಿನ ಮ್ಯಾಲೆ ಮಕ್ಕೊಂಡಿದ್ದಿ. ನನ್ನ ನೆನಪು ಕದ್ದು ಸರ್ಕಾರಕ್ಕ ಕೊಡ್ತೀಯೇನು?’

ನನ್ನ ಚೊಂಬಿನ ಬಾಯಿ ಕೂಡ ಸೊಟ್ಟಗಿತ್ತು. ಫೋನಿಟ್ಟ ಮೇಲೆ ಬೇವಿನ ಸೊಪ್ಪೂ ಸ್ವಲ್ಪ ಸ್ವಲ್ಪ ನೆನಪಾಗತೊಡಗಿತು.

ಸಭೆಯ ದಿನ ಸರ್ಕಾರಿ ಸಭಾಂಗಣದಲ್ಲಿ ನಾನೆಣಿಸಿದ್ದಕ್ಕಿಂತ ಜನ ಹೆಚ್ಚಿದ್ದರು. ಬಾಗಿಲಲ್ಲಿ ಮೇಜು, ಮೇಜಿನ ಹಿಂದೆ ಒಬ್ಬ ಗುಮಾಸ್ತ, ಅವನ ಮುಂದೆ ಉದ್ದನೆಯ ಹಾಳೆ. ಹಾಳೆಯಲ್ಲಿ ಹೆಸರು, ಊರು, ಆಮೇಲೆ ಎರಡು ಕಾಲಂ: ‘ಪರ’, ‘ವಿರುದ್ಧ’. ಬಂದವರು ಎರಡರಲ್ಲೊಂದಕ್ಕೆ ಟಿಕ್ ಹಾಕಿ ಒಳಗೆ ಹೋಗಬೇಕು. ನಾನು ನಮ್ಮ ಇಬ್ಬರ ಹೆಸರು ಬರೆದು ‘ಪರ’ಕ್ಕೆ ಟಿಕ್ ಹಾಕಲು ಪೆನ್ನು ಎತ್ತಿದೆ. ದೊಡ್ಡವ್ವ ಕೈ ಹಿಡಿದಳು.

‘ಏನಂತ ಐತಿ ಅದರಾಗ?’

‘ಗಾಂಜಾ ಬೆಳ್ಯಾಕ, ಸೇದಾಕ ಬಿಡಬೇಕು ಅನ್ನಾರು ಇಲ್ಲಿ, ಬಿಡಬಾರದು ಅನ್ನಾರು ಅಲ್ಲಿ.’

‘ನಾನು ಬಿಡಬೇಕು ಅಂತ ಎಲ್ಲಿ ಅಂದೆ? ಸೇದಿ ಬೀಳಾರಿಗೆ ಬಿಡಬೇಕೇನು? ಬ್ಯಾಡ.’

‘ಹಂಗಾರ ವಿರುದ್ಧ.’

‘ವಿರುದ್ಧ ಅಂದ್ರ ಇನ್ನ ಎಮ್ಮಿ ಔಷಧಕ್ಕೂ ಗಿಡ ಬೆಳಸಾಕ ಬಿಡಂಗಿಲ್ಲ. ಅದೂ ಬ್ಯಾಡ.’ ಅವಳು ಗುಮಾಸ್ತನ ಕಡೆ ತಿರುಗಿದಳು. ‘ತಮ್ಮಾ, ಎಮ್ಮಿಗಂತ ಒಂದು ಕಾಲಂ ಹಾಕು.’

‘ಅಮ್ಮ, ಎರಡಽ ಅದಾವಮ್ಮ. ಮೇಲಿಂದ ಹಿಂಗಽ ಬಂದೈತಿ.’

‘ಮೇಲಿನೋರ ಮನ್ಯಾಗ ಎಮ್ಮಿ ಇರ್ಲಿಕ್ಕಿಲ್ಲ. ನೀ ಹಾಕು.’

ಹಿಂದೆ ಸಾಲು ಬೆಳೆಯುತ್ತಿತ್ತು. ನನಗೆ ನಾಚಿಕೆಯಾಯಿತು. ಯಾವುದಾದರೂ ಒಂದಕ್ಕೆ ಹಾಕಿ ನಡಿ ಎಂದು ಗದರಬೇಕೆನ್ನುವಷ್ಟರಲ್ಲಿ ಗುಮಾಸ್ತ ಒಂದು ಕೆಲಸ ಮಾಡಿದ. ಡ್ರಾಯರಿನಿಂದ ಸ್ಕೇಲು ತೆಗೆದ. ಹಾಳೆಯ ಬಲಗಡೆಯ ಖಾಲಿ ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ತಲೆಯ ಮೇಲೆ ‘ಇತರೆ’ ಎಂದು ದುಂಡಗೆ ಬರೆದ. ‘ಎಮ್ಮಿ ಅಂತ ಬರಿಯಾಕ ಬರಂಗಿಲ್ರಿ ಅಮ್ಮ. ಇದರಾಗ ಎಮ್ಮಿನೂ ಬರ್ತೈತಿ’ ಎಂದ. ದೊಡ್ಡವ್ವ ತೃಪ್ತಿಯಿಂದ ತನ್ನ ಟಿಕ್ ತಾನೇ ಹಾಕಿದಳು, ಎಮ್ಮೆಯ ಕೊಂಬಿನಷ್ಟು ದೊಡ್ಡದು.

ನಾನು ಆ ಪೆನ್ಸಿಲ್ ಗೆರೆಯನ್ನೇ ನೋಡುತ್ತ ನಿಂತೆ. ಮೂವತ್ತು ವರ್ಷದ ಕೆಳಗೆ ನನ್ನ ಪ್ರಶ್ನಾವಳಿಯಲ್ಲೂ ಎರಡೇ ಕಾಲಂ ಇದ್ದವು: ‘ಹೌದು’, ‘ಇಲ್ಲ’. ದೇಶನೂರಿನಲ್ಲಿ ಭತ್ತದ ಗದ್ದೆಯ ಬದುವಿನ ಮೇಲೆ ಕೂತಿದ್ದ ಒಬ್ಬ ರೈತ ‘ಹೌದೂ ಅಲ್ಲ, ಇಲ್ಲನೂ ಅಲ್ರಿ, ಕೂತ್ಕಳ್ರಿ ಹೇಳ್ತೀನಿ’ ಎಂದದ್ದು, ನಾನು ಹೊತ್ತಾಯಿತೆಂದು ಅವನ ಪರವಾಗಿ ‘ಇಲ್ಲ’ಕ್ಕೆ ಟಿಕ್ ಹಾಕಿಕೊಂಡು ಸೈಕಲ್ ಹತ್ತಿದ್ದು ನೆನಪಾಯಿತು. ಈ ನೆನಪು ಸುಳ್ಳಾಗಿರಲಿ ಎಂದು ಹಾರೈಸಿದೆ. ಇದು ಮಾತ್ರ ಅಲ್ಲಾಡಲಿಲ್ಲ.

ಒಳಗೆ ಸಮಿತಿಯವರು ಮೂವರು. ನಡುವೆ ಕೂತ ಅಧ್ಯಕ್ಷೆ ಬಿಳಿಕೂದಲಿನ ಹೆಂಗಸು. ಎಲ್ಲವನ್ನೂ ಸ್ವತಃ ಬರೆದುಕೊಳ್ಳುತ್ತಿದ್ದರು. ನಾನು ಅವರ ಪೆನ್ನಿನಲ್ಲಿ ಇಂಕು ಇದೆಯೋ ಇಲ್ಲವೋ ಎಂದು ಎರಡು ಸಲ ಬಾಗಿ ನೋಡಿದೆ. ಇತ್ತು. ಮೊದಲು ನಾಲ್ಕೈದು ಜನ ಗಟ್ಟಿ ದನಿಯವರು ಮಾತಾಡಿದರು. ಒಬ್ಬರು ಎಲ್ಲರನ್ನೂ ಒಳಗೆ ಹಾಕಿ ಎಂದರು, ಇನ್ನೊಬ್ಬರು ಎಲ್ಲವನ್ನೂ ಬಿಟ್ಟುಬಿಡಿ ಎಂದರು, ಎರಡಕ್ಕೂ ಚಪ್ಪಾಳೆ ಬಿತ್ತು. ಆಮೇಲೆ ಸಿರುಗುಪ್ಪದ ಪಾರ್ವತಮ್ಮ ಎಂಬಾಕೆ ಎದ್ದಳು. ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಅಂಗಡಿ ಇಟ್ಟವಳು. ಸೆರಗಿಗೆ ಇನ್ನೂ ಎಣ್ಣೆಯ ವಾಸನೆ ಇತ್ತು.

‘ನಮ್ಮ ಮೈದುನ ಸೇದ್ತಿದ್ದ ರೀ’ ಎಂದಳು. ‘ನಾನಽ ಪೊಲೀಸ್ರಿಗೆ ಹೇಳಿ ಹಿಡಿಸಿದೆ, ಸುಧಾರಿಸ್ಲಿ ಅಂತ. ಒಳಗ ಹೋಗಾಗ ಸೇದಾವ ಇದ್ದ, ಹೊರಗ ಬರಾಗ ಮಾರಾವ ಆಗಿ ಬಂದ. ಒಳಗ ದೋಸ್ತಿ ಅಂಥಾವು. ನನಗ ಈಗ ಯಾವ ಕಾಲಮ್ಮಿಗೆ ಹಾಕಬೇಕೋ ತಿಳೀವಲ್ದು. ಮಾರಾರನ್ನ ಬಿಡಬ್ಯಾಡ್ರಿ. ಸೇದಾವನ್ನ ದವಾಖಾನಿಗೆ ಹಾಕ್ರಿ, ಜೇಲಿಗೆ ಹಾಕಬ್ಯಾಡ್ರಿ. ಅಷ್ಟಽ.’

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧ್ಯಕ್ಷೆ ಬಹಳ ಹೊತ್ತು ಬರೆದರು. ದೊಡ್ಡವ್ವ ಸೀದಾ ಎದ್ದು ಹೋಗಿ ಅವಳ ಪಕ್ಕ ಕೂತು, ‘ಹೊರಗ ಮೂರನೇ ಕಾಲಂ ಐತಿ ನಮ್ಮವ್ವ, ಅದಕ್ಕ ಹಾಕು’ ಎಂದಳು. ಪಿಸುಗುಟ್ಟಿದೆ ಎಂದು ಅವಳು ತಿಳಿದಿದ್ದಳು. ಇಡೀ ಸಭೆಗೆ ಕೇಳಿಸಿತು. ಕೆಲವರು ಎದ್ದು ಹೊರಗೆ ಹೋದರು, ಟಿಕ್ ಬದಲಿಸಲು.

ದೊಡ್ಡವ್ವನ ಸರದಿ ಬಂತು. ಅವಳು ಕೊಟ್ಟಿಗೆ, ಗೊಟ್ಟ, ಬೆಲ್ಲ, ‘ಬರ್ತೀನಿ’ ಎಂದ ಸಭ್ಯಸ್ಥ ಎಲ್ಲವನ್ನೂ ಹೇಳಿದಳು. ಅಧ್ಯಕ್ಷೆ ನಗು ತಡೆದುಕೊಂಡು ಕೇಳಿದರು, ‘ಎಲ್ಲಾ ಸರಿ ಅಮ್ಮ. ಎಮ್ಮೆಗೆ ಅಂತ ಬೆಳೆಸಿದ ಗಿಡವನ್ನ ಮನುಷ್ಯರು ಕಿತ್ತುಕೊಂಡು ಸೇದೋದಿಲ್ಲ ಅಂತ ಏನು ಗ್ಯಾರಂಟಿ?’

‘ಗ್ಯಾರಂಟಿ ಇಲ್ರವ್ವ’ ಎಂದಳು ದೊಡ್ಡವ್ವ. ನಾನು ಕಣ್ಣು ಮುಚ್ಚಿಕೊಂಡೆ. ‘ಅದಕ್ಕಽ ಹೇಳ್ತೀನಿ. ನನ್ನ ಎಮ್ಮಿಗೆ ಸರ್ಕಾರದೋರು ಬಂದು ಕಿವ್ಯಾಗ ಹಳದಿ ಓಲಿ ಹಾಕ್ಯಾರ, ಮ್ಯಾಲೆ ನಂಬರ್ ಬರದಾರ. ಯಾರ ಎಮ್ಮಿ, ಯಾವೂರು ಎಲ್ಲಾ ಗೊತ್ತಾಗ್ತೈತಂತ. ಹಂಗಽ ಗಿಡಕ್ಕೂ ಒಂದು ಓಲಿ ಹಾಕ್ರಿ. ದನದ ಡಾಕ್ಟರು ವರ್ಸಕ್ಕ ಎರಡು ಸರ್ತಿ ಬಂದು ನೋಡ್ಲಿ. ಓಲಿ ಇಲ್ಲದ ಗಿಡ ಇದ್ರ ಕೀಳ್ರಿ. ನಂದು ಕಿತ್ತೀರಿ, ಹೋಗ್ಲಿ. ಕೇಸ್ ಒಂದು ತಗೀರಿ. ನನ್ನ ಸಣ್ಣೆಮ್ಮಿ ಬ್ಯಾರೆಯವರ ಕೈಗೆ ಹಾಲು ಕೊಡಂಗಿಲ್ಲ.’

ಸಭೆ ನಕ್ಕಿತು, ಅಧ್ಯಕ್ಷೆ ನಗಲಿಲ್ಲ. ‘ಗಿಡಕ್ಕೆ ಓಲೆ’ ಎಂದು ಮೆಲ್ಲಗೆ ಹೇಳಿಕೊಂಡು ಬರೆದು, ಕೆಳಗೆ ಗೆರೆ ಎಳೆದರು.

ಆಮೇಲೆ ನನ್ನನ್ನು ಕರೆದರು. ದೊಡ್ಡವ್ವ ಪಾರ್ವತಮ್ಮನ ಪಕ್ಕದಿಂದ ಹೆಮ್ಮೆಯಿಂದ ನೋಡುತ್ತಿದ್ದಳು. ‘ನಾನು ಚಿಕ್ಕವನಿದ್ದಾಗ ಆ ಗಿಡಕ್ಕೆ ದಿನಾ ನೀರು ಹಾಕಿದ್ದೇನೆ; ಅದು ಎಮ್ಮೆಯ ಔಷಧಕ್ಕೇ ಇತ್ತು’ ಎಂದು ಒಂದೇ ವಾಕ್ಯ ಹೇಳಿ ಕೂತರೆ ಸಾಕಿತ್ತು. ಮೈಕು ಹಿಡಿದ ಕೂಡಲೇ ನನ್ನೊಳಗಿನ ವಿಶ್ವವಿದ್ಯಾಲಯ ಎದ್ದು ನಿಂತಿತು. ‘ನೀರು ಹಾಕಿದ್ದು ನೆನಪಿದೆ’ ಎಂದೆ. ‘ಆದರೆ ಹಾಕಿದವನು ತಾನು ಅಂತ ನನ್ನ ಅಣ್ಣ ಹೇಳುತ್ತಾನೆ. ಆ ಬೇಸಿಗೆಯಲ್ಲಿ ನಾನು ಅಲ್ಲಿ ಇರಲೇ ಇಲ್ಲವಂತೆ. ಚೊಂಬು ಒಂದೇ, ನೀರು ಹಾಕಿದವರು ಇಬ್ಬರು. ಆದ್ದರಿಂದ ಖಚಿತವಾಗಿ ಹೇಳಲಾರೆ. ಗಿಡವನ್ನು ನಾನು ನೋಡಿರುವುದೇ ನಿಜವೋ, ಪತ್ರಿಕೆಯ ಫೋಟೋದಲ್ಲಿ ನೋಡಿದ್ದನ್ನು ಕುರುಗೋಡಿನಲ್ಲಿ ನೆಟ್ಟುಕೊಂಡಿದ್ದೇನೋ...’

ಸಭೆ ಈಗ ನಿಜವಾಗಿಯೂ ನಗತೊಡಗಿತು. ದೊಡ್ಡವ್ವನ ಮುಖದಿಂದ ಹೆಮ್ಮೆ ಇಳಿದು ಗಾಬರಿ ಏರುವುದು ಕಂಡಿತು. ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ. ಅಧ್ಯಕ್ಷೆ ಕನ್ನಡಕದ ಮೇಲಿಂದ ನೋಡಿ, ‘ಮೇಷ್ಟ್ರೇ, ಯಾವುದು ನೆನಪಿಲ್ಲ ಅಂತ ಗೊತ್ತಾಯಿತು. ನೀವು ಖಚಿತವಾಗಿ ಹೇಳಬಹುದಾದ್ದು ಏನಾದರೂ ಇದೆಯೆ?’ ಎಂದರು.

ನಾನು ಯೋಚಿಸಿದೆ. ‘ಇದೆ’ ಎಂದೆ. ‘ಹನ್ನೊಂದು ತಿಂಗಳಿಂದ ಇವಳು ಒಂದು ವಾಯಿದೆಯನ್ನೂ ತಪ್ಪಿಸಿಲ್ಲ. ಮೂರು ಗಂಟೆಗೆ ಎದ್ದು ಎಮ್ಮೆ ಕರೆದು ಮೊದಲ ಬಸ್ಸಿಗೆ ಬರುತ್ತಾಳೆ. ಕೋರ್ಟು ಕರೆದರೂ ಬರುತ್ತಾಳೆ, ಕರೆಯದೆ ಬರೀ ಮುಂದಿನ ತಾರೀಖು ಕೊಟ್ಟರೂ ಬರುತ್ತಾಳೆ. ಇದನ್ನು ಮಾತ್ರ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಯಾಕೆಂದರೆ ಪ್ರತಿ ಸಲ ನಮ್ಮ ಮನೆಯ ಕರೆಗಂಟೆ ಒತ್ತಿ ನನ್ನ ನಿದ್ದೆ ಕೆಡಿಸುವವಳು ಅವಳೇ.’ ಅಧ್ಯಕ್ಷೆ ಅದನ್ನೂ ಬರೆದುಕೊಂಡರು.

ವಾಪಸು ಬರುವಾಗ ಆಟೋದಲ್ಲಿ ದೊಡ್ಡವ್ವ, ‘ನೆನಪಿಲ್ಲ ಅನ್ನಾಕ ಎಂ.ಎ. ಓದಬೇಕಾಗಿತ್ತೇನ್ಲೇ?’ ಎಂದಳು.

‘ಸುಳ್ಳು ಹ್ಯಾಂಗ ಹೇಳ್ಲಿ ದೊಡ್ಡವ್ವ? ನೀನಽ ಹೇಳು, ನೀರು ಹಾಕಿದಾವ ನಾನೋ ಅಣ್ಣನೋ?’

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ‘ಭಂಗಿ ಗಿಡಕ್ಕ ನೀರು ಯಾರು ಹಾಕ್ತಾರ್ಲೇ ಹುಚ್ಚಪ್ಪ? ಎಮ್ಮಿ ಗಂಜಲ ಹರದು ಅದರ ಬುಡಕ್ಕಽ ಹೋಗ್ತಿತ್ತು. ಅಷ್ಟರ ಮ್ಯಾಲೆ ನೀರು ಹಾಕಿದ್ರ ಕೊಳತು ಹೋಗ್ತಿತ್ತು. ನೀವಿಬ್ರೂ ಆ ಸೊಟ್ಟ ಚೊಂಬು ಹಿಡಕಂಡು ಬರೀ ಗೋಡಿ ತೋಯಸ್ತಿದ್ರಿ. ನಿನ್ನ ಕಂಡಾಗ ನೀ ಹಾಕಿದ್ದಿ ಅಂತಿದ್ದೆ, ಅವನ್ನ ಕಂಡಾಗ ನೀ ಹಾಕಿದ್ದಿ ಅಂತಿದ್ದೆ. ಹುಡುಗ್ರು, ಕೆಲಸ ಮಾಡಿದ್ವಿ ಅಂತ ಖುಷಿ ಪಡ್ಲಿ ಅಂತ.’

ನಲವತ್ತೇಳು ವರ್ಷ ನನ್ನ ಬಳಿ ಅತಿ ಸ್ವಚ್ಛವಾಗಿದ್ದ ಒಂದು ನೆನಪು, ಅಣ್ಣನ ಬಳಿ ಇದ್ದ ಅದರ ಜೋಡಿ, ಎರಡೂ ಒಂದೇ ಕಾರ್ಖಾನೆಯ ಮಾಲು ಎಂದು ತಿಳಿದಾಗ ನನಗೆ ಬೇಸರವಾಗಬೇಕಿತ್ತು. ಯಾಕೋ ಆಗಲಿಲ್ಲ. ಕನಿಷ್ಠ ಗೋಡೆಯನ್ನಾದರೂ ತೋಯಿಸಿದ್ದೆನಲ್ಲ. ಅಂದರೆ ನಾನು ಅಲ್ಲಿದ್ದೆ.

ನಂತರದ ತಿಂಗಳುಗಳಲ್ಲಿ ನಾನು ಏನೂ ಆಗುವುದಿಲ್ಲ ಎಂದು ಎಲ್ಲರಿಗೂ ಹೇಳುತ್ತ ತಿರುಗಿದೆ. ಒಳಗೊಳಗೇ ದಿನಾ ಪತ್ರಿಕೆಯ ಮೂಲೆ ಮೂಲೆ ಹುಡುಕುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಕಾನೂನು ಬದಲಾಗಿರಲಿಲ್ಲ, ಅದು ದೆಹಲಿಯವರೆಗೆ ಹೋಗಬೇಕಾದ ದೂರದ ಹಾದಿ. ಆದರೆ ಸಮಿತಿ ತನ್ನ ಕರಡು ಶಿಫಾರಸು ಪ್ರಕಟಿಸಿತ್ತು: ಮಾರುವವರಿಗೂ ಸೇದುವವರಿಗೂ ಬೇರೆ ಬೇರೆ ದಾರಿ, ಸೇದುವವರಿಗೆ ಮೊದಲು ಚಿಕಿತ್ಸೆ, ದನಕರುಗಳ ಔಷಧಕ್ಕೆ ಪಶುವೈದ್ಯರ ಉಸ್ತುವಾರಿಯಲ್ಲಿ ನೋಂದಣಿ ಸಂಖ್ಯೆಯ ಗಿಡ. ಅಲ್ಲಿಯವರೆಗೆ, ಮಾರಾಟವಿಲ್ಲದ ಒಂಟಿ ಗಿಡದ ಹಳೆಯ ಪ್ರಕರಣಗಳನ್ನು ಒಂದೊಂದಾಗಿ ಪರಿಶೀಲಿಸಿ ಹಿಂಪಡೆಯಲು ಸರ್ಕಾರ ಒಪ್ಪಿತ್ತು. ಕರಡಿನ ಬಗ್ಗೆ ಮತ್ತೆ ಅಭಿಪ್ರಾಯ ಕೇಳಿ ಒಂದು ನಮೂನೆಯನ್ನೂ ಹೊರಡಿಸಿದ್ದರು. ಅದರಲ್ಲಿ ಕಾಲಂ ಮೂರು, ಮೂರನೆಯದೂ ಅಚ್ಚಿನಲ್ಲಿ. ನಾನು ಬೆರಳಿನಿಂದ ಉಜ್ಜಿ ನೋಡಿದೆ. ಅಳಿಸಲಿಲ್ಲ.

‘ಇದು ಬರೀ ಕಾಕತಾಳೀಯ ಇರಬಹುದು’ ಎಂದೆ ನಿರ್ಮಲಾಳಿಗೆ. ‘ಬೇರೆ ಜಿಲ್ಲೆಗಳಲ್ಲೂ ಇಂಥದೇ ಹೇಳಿರಬಹುದು. ಚುನಾವಣೆ ಹತ್ತಿರ ಇರಬಹುದು.’

‘ಇರಬಹುದ್ರಿ’ ಎಂದಳು ಅವಳು. ‘ನೀವು ಒಂದು ಸರ್ತಿ ಖುಷಿ ಪಟ್ರ ನಿಮ್ಮ ಡಿಗ್ರಿ ಏನು ವಾಪಸ್ ತಗಳ್ಳಂಗಿಲ್ಲ.’

ದೊಡ್ಡವ್ವನ ಕೊನೆಯ ವಾಯಿದೆಯಲ್ಲಿ ಸರ್ಕಾರಿ ವಕೀಲರು ಎದ್ದು ಎರಡು ವಾಕ್ಯ ಹೇಳಿದರು, ನ್ಯಾಯಾಧೀಶರು ಒಪ್ಪಿ ಕಾಗದ ತಿರುವಿದರು. ಅಷ್ಟೇ. ಹೊರಗೆ ಬಂದ ದೊಡ್ಡವ್ವ ಮೆಟ್ಟಿಲ ಮೇಲೆ ಕೂತು, ‘ಮುಗೀತೇನ್ಲೇ? ಇಷ್ಟಽನಾ?’ ಎಂದು ನಾಲ್ಕು ಸಲ ಕೇಳಿದಳು. ಮುಗಿಯಿತು ಎಂದು ನಾಲ್ಕು ಸಲವೂ ಹೇಳಿದೆ. ಕಣ್ಣೊರೆಸಿಕೊಂಡು ಎದ್ದು, ‘ಸಣ್ಣೆಮ್ಮಿ ದಾರಿ ನೋಡ್ತಿರ್ತೈತಿ’ ಎಂದು ಊಟಕ್ಕೂ ನಿಲ್ಲದೆ ಕುರುಗೋಡಿನ ಬಸ್ಸು ಹತ್ತಿದಳು.

ಮುಂದಿನ ತಿಂಗಳು ಅದೇ ವಾರ ಬಂತು. ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಇರಲಿಲ್ಲ. ನಸುಕಿಗೆ ನನಗೆ ಎಚ್ಚರವಾಯಿತು, ಕರೆಗಂಟೆ ಆಗಲಿಲ್ಲ. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಾಕೆ, ‘ಕೇಸಿನ ಅಮ್ಮಾರು ಬರಲಿಲ್ಲೇನ್ರಿ ಈ ಸರ್ತಿ?’ ಎಂದು ಕೇಳಿದರು. ನಿರ್ಮಲಾ ಅಭ್ಯಾಸಬಲದಿಂದ ಮೂವರಿಗೆ ಮಂಡಕ್ಕಿ ನೆನೆಸಿ, ಮೂರನೆಯ ಪಾಲನ್ನು ನನ್ನ ತಟ್ಟೆಗೇ ಸುರಿದಳು. ತಿಂದು ಮುಗಿಸಿ ಸಮಿತಿಯ ನಮೂನೆ ತುಂಬಲು ಕೂತೆ. ಕೊನೆಯ ತಾರೀಖು ಹತ್ತಿರ ಬಂದಿತ್ತು. ಜೀವಮಾನವೆಲ್ಲ ಸರ್ಕಾರ ನಿಧಾನ, ಸರ್ಕಾರಕ್ಕೆ ಕಿವಿಯಿಲ್ಲ ಎಂದು ಪಾಠ ಮಾಡಿದ ನಾನು, ಮೂರನೆಯ ಕಾಲಮ್ಮಿನಲ್ಲಿ ಬಹಳ ಯೋಚಿಸಿ, ಎರಡು ಸಲ ಹೊಡೆದುಹಾಕಿ, ದುಂಡನೆಯ ಅಕ್ಷರದಲ್ಲಿ ಹೀಗೆ ಬರೆದೆ: ‘ಪ್ರಕರಣಗಳನ್ನು ಹಿಂಪಡೆಯುವಾಗ ಸರ್ಕಾರವು ಇಷ್ಟೊಂದು ಅವಸರ ಮಾಡಬಾರದೆಂದು ಸಲಹೆ.’

ನಿರ್ಮಲಾ ಬೆನ್ನ ಹಿಂದೆ ನಿಂತು ಓದಿದಳು.

‘ಕುರುಗೋಡಿಗೆ ಅರ್ಧ ತಾಸಿಗೊಂದು ಬಸ್ಸೈತ್ರಿ’ ಎಂದಳು. ‘ದೊಡ್ಡವ್ವನ್ನ ನೋಡಿ ಬರಾಕ ಸರ್ಕಾರದ ಆರ್ಡರ್ ಬೇಕೇನು?’

ನಮೂನೆಯ ಆ ಸಾಲನ್ನೂ ಹೊಡೆದುಹಾಕಿ ಚಪ್ಪಲಿ ಮೆಟ್ಟಿಕೊಂಡೆ.